ಬೆಟ್ಟದ ಮೇಲೆ ಕತ್ತಲಾಗಲು ಬಿಡಿ

ನಿನ್ನೆ ಮಧ್ಯಾಹ್ನ ಮನೆಗೆ ಬಂದವಳೇ ಚಾಪೆ ಹಾಸಿ ಮಲಗಿಬಿಟ್ಟೆ. ಎರಡು ಗಂಟೆ ನಿದ್ದೆ ಮಾಡಿ ಎದ್ದರೂ ಕಿವಿಯೊಳಗೆ ಆ ದಬದಬ ನಿಂತಿರಲಿಲ್ಲ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಇವತ್ತಿನವರೆಗೂ ಕಾದೆ. ಇಳಿಯಲಿಲ್ಲ.

ಆಗಿದ್ದಿಷ್ಟು. ತಂಗಿ ಮಗನಿಗೆ ಹೊಸ ಕೆಲಸ ಸಿಕ್ಕಿತು. ಆ ಖುಷಿಗೆ ಮನೆಮಂದಿಯನ್ನೆಲ್ಲ ಶನಿವಾರ ರಾತ್ರಿ ಬೆಟ್ಟದ ಮೇಲೊಂದು ಕಡೆ ಉಳಿಯೋಕೆ ಕರೆದುಕೊಂಡು ಹೋದ. ಬೆಂಗಳೂರಿನಿಂದ ಎರಡು ಗಂಟೆ ದಾರಿ. "ದೊಡ್ಡಮ್ಮ, ನಿಂಗಿಷ್ಟ ಅಂತ ಯರ್ಟೇ ಬುಕ್ ಮಾಡಿದೀನಿ" ಅಂದ. ಯರ್ಟ್ ಅಂದರೆ ಗುಂಡಗಿನ ಡೇರೆಮನೆ. ಪಾಪ, ನನ್ನ ಮನಸ್ಸು ತಿಳಿದೇ ಮಾಡಿದ್ದ. ಹೋದ ವರ್ಷ ಮಗನ ಮನೆಯಿಂದ ಬಂದಾಗ ಯರ್ಟ್ ಯರ್ಟ್ ಅಂತ ಒಂದು ತಿಂಗಳು ಎಲ್ಲರ ತಲೆ ತಿಂದಿದ್ದೆನಲ್ಲ, ಅದನ್ನು ನೆನಪಿಟ್ಟುಕೊಂಡಿದ್ದ. ಅವನ ಮೇಲೆ ನನಗೆ ಎಳ್ಳಷ್ಟೂ ಬೇಜಾರಿಲ್ಲ. ಇದನ್ನು ಅವನೂ ಓದುತ್ತಾನೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಜಾಗದ ಹೆಸರು ಹೇಳುವುದಿಲ್ಲ. ಅದೊಂದೇ ಜಾಗದ ಕಥೆಯಾಗಿದ್ದರೆ ಬರೆಯುತ್ತಲೇ ಇರಲಿಲ್ಲ.

ಸಿಮೆಂಟಿನ ಗುಂಡು ಕೋಣೆ. ಮೇಲೆ ಟಾರ್ಪಾಲು. ಒಳಗೆ ಎಸಿ, ಟಿವಿ. ಹೊರಗೆ ಮರಗಳಿಗೆಲ್ಲ ಸೀರಿಯಲ್ ಲೈಟು ಸುತ್ತಿದ್ದರು. ಬಂಡೆಯ ಮೇಲೊಂದು ಫ್ಲಡ್‌ಲೈಟು, ಅದರ ಮುಖ ಆಕಾಶದ ಕಡೆ. ಎಂಟು ಗಂಟೆಗೆ ಡಿಜೆ ಶುರುವಾಯಿತು. ನಿಂತಿದ್ದು ಒಂದೂಕಾಲಕ್ಕೆ. ಹನ್ನೊಂದೂವರೆಗೆ ನಾನೇ ಎದ್ದು ಹೋಗಿ ಅಲ್ಲಿ ನೋಡಿಕೊಳ್ಳುವ ಹುಡುಗನನ್ನು ಕೇಳಿದೆ. ಒಳ್ಳೆಯ ಹುಡುಗ. "ಆಂಟಿ, ಜನ ಬರೋದೇ ಇದಕ್ಕೆ. ನಿಲ್ಲಿಸಿದ್ರೆ ಸ್ಟಾರ್ ಕಡಿಮೆ ಕೊಡ್ತಾರೆ" ಅಂದ. ಆಮೇಲೆ ದನಿ ತಗ್ಗಿಸಿ, "ನಮ್ಮೂರು ಈ ಬೆಟ್ಟದ ಕೆಳಗೇ ಇದೆ. ಶನಿವಾರ ಅಲ್ಲೂ ಯಾರಿಗೂ ನಿದ್ದೆ ಇರಲ್ಲ" ಅಂದ. ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗಬೇಕಾದ ಜನ! ಅವರೇನು ತಪ್ಪು ಮಾಡಿದ್ದಾರೆ?

ನಾನು ಉಳಿದಿದ್ದ ಆ ಇನ್ನೊಂದು ಯರ್ಟಿನ ವಿಷಯ ಈಗ ಸರಿಯಾಗಿ ಹೇಳಲೇಬೇಕು. ಇಷ್ಟು ದಿನ ಬಿಡಿಬಿಡಿಯಾಗಿ ಹೇಳಿದ್ದೆ.

ಮಗ ಇರುವುದು ಮಿನಿಯಾಪೊಲಿಸ್‌ನಲ್ಲಿ. ಸೆಪ್ಟೆಂಬರ್ ಕೊನೆ. ಒಂದು ಶುಕ್ರವಾರ ಬೆಳಿಗ್ಗೆ ಬೇಗ ಹೊರಟು ಐದಾರು ಗಂಟೆ ಪೂರ್ವಕ್ಕೆ ಹೋದೆವು. ಮಿಶಿಗನ್ ರಾಜ್ಯದ ಮೇಲ್ತುದಿ, ಸುಪೀರಿಯರ್ ಸರೋವರದ ದಡ. ಕೆರೆ ಅನ್ನುವ ಹಾಗೇ ಇಲ್ಲ, ಸಮುದ್ರವೇ. ಸುಮಾರು 82,000 ಚದರ ಕಿಲೋಮೀಟರ್ ಸಿಹಿನೀರು. ಅದರ ಪಕ್ಕಕ್ಕೇ ಒಂದು ಕಾಡುಬೆಟ್ಟಗಳ ಸಾಲು, ಹೆಸರು ಪಾರ್ಕ್ಯುಪೈನ್ ಮೌಂಟನ್ಸ್. ಮುಳ್ಳುಹಂದಿ ಬೆಟ್ಟ ಅನ್ನಿ. ಅಲ್ಲಿನ ಮೂಲನಿವಾಸಿ ಒಜಿಬ್ವೆ ಜನರಿಗೆ ಆ ಬೆಟ್ಟಸಾಲು ಮುದುಡಿ ಕೂತ ಮುಳ್ಳುಹಂದಿಯ ಹಾಗೆ ಕಂಡಿತಂತೆ. ಸುಮಾರು 60,000 ಎಕರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಹಳೆಯ ಮರಗಳನ್ನೆಲ್ಲ ಕಡಿದುಬಿಡುತ್ತಾರೆ ಅಂತ ಜನ ಹೆದರಿದರು. 1945ರಲ್ಲಿ ರಾಜ್ಯ ಸರ್ಕಾರ ಅದನ್ನು ಪಾರ್ಕ್ ಮಾಡಿತು. ಒಂದೊಂದು ಹೆಮ್ಲಾಕ್ ಮರದ ಬುಡ ಇಬ್ಬರು ತಬ್ಬಿದರೂ ಸಿಗುವುದಿಲ್ಲ. ಮೇಪಲ್ ಎಲೆಗಳು ಆಗಷ್ಟೇ ಕೆಂಪಾಗುತ್ತಿದ್ದವು.

ಬೆಟ್ಟ ಅಂದೆನಲ್ಲ, ಅಲ್ಲಿನ ಎತ್ತರದ ತುದಿ 1,958 ಅಡಿ. ನಾವು ದಿನಾ ತರಕಾರಿ ತರುವ ಗಾಂಧಿ ಬಜಾರು ಅದಕ್ಕಿಂತ ಸಾವಿರ ಅಡಿ ಮೇಲಿದೆ! ನಂದಿ ಬೆಟ್ಟ ಸುಮಾರು 4,850 ಅಡಿ, ಅಂದರೆ ಆ ತುದಿಯ ಎರಡೂವರೆಪಟ್ಟು ಹತ್ತಿರ. ಮುಳ್ಳಯ್ಯನಗಿರಿಯ ಮಾತು ಬಿಡಿ. ಬೆಟ್ಟಕ್ಕೆ ನಮಗೇನು ಕೊರತೆ? ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಯರ್ಟ್ ಅವರ ಊರಿನದೂ ಅಲ್ಲ. ಮಧ್ಯ ಏಷ್ಯಾದ ಕುರಿಗಾಹಿಗಳ ಮನೆ ಅದು. ಮಂಗೋಲಿಯಾದವರು ಗೆರ್ ಅನ್ನುತ್ತಾರೆ. ತುರ್ಕಿ ಮಾತಿನಲ್ಲಿ ಯರ್ಟ್ ಅಂದರೆ ತಾಯ್ನಾಡು ಅಂತಲೂ ಅರ್ಥವಿದೆ. ಮರದ ಪಟ್ಟಿಗಳನ್ನು ಜಾಲರಿಯ ಹಾಗೆ ಜೋಡಿಸಿದ ಗುಂಡು ಗೋಡೆ. ಮಡಚಿದರೆ ಗಾಡಿಯ ಮೇಲೆ ಹೇರಬಹುದು. ಗೋಡೆಯ ಮೇಲಿಂದ ಗಳುಗಳು ಛತ್ರಿ ಕಡ್ಡಿಯ ಹಾಗೆ ಎದ್ದು ನಡುವಿನ ಒಂದು ಬಳೆಗೆ ಸೇರುತ್ತವೆ. ಹೊರಗೆ ಕುರಿ ಉಣ್ಣೆಯ ಹೊದಿಕೆ, ನೇಯ್ದದ್ದಲ್ಲ, ನೀರು ಹಾಕಿ ಒತ್ತಿ ಒತ್ತಿ ಮಾಡಿದ್ದು. ನಡುವಿನ ಬಳೆಯಿಂದ ಹೊಗೆ ಹೋಗುತ್ತದೆ, ಬೆಳಕು ಬರುತ್ತದೆ. ಕಿರ್ಗಿಸ್ತಾನದ ಬಾವುಟದಲ್ಲಿ ಸೂರ್ಯನ ನಡುವೆ ಇರುವುದು ಈ ಬಳೆಯೇ. ಮಂಗೋಲಿಯಾದ ಗೆರ್ ಕಟ್ಟುವ ಕಸುಬು 2013ರಲ್ಲಿ, ಕಿರ್ಗಿಜ್ ಮತ್ತು ಕಜಕ್ ಜನರದು 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ.

ಓದುತ್ತಾ ಹೋದ ಹಾಗೆ ಮೈ ಜುಂ ಅಂದಿದ್ದು ಎಲ್ಲಿ ಗೊತ್ತಾ? ಅವರೂ ಹೊಸ್ತಿಲು ತುಳಿಯುವುದಿಲ್ಲ. ದಾಟಿಯೇ ಒಳಗೆ ಬರಬೇಕು. ಒಳಗೆ ಓಡಾಡುವಾಗ ನಾವು ಗುಡಿಯಲ್ಲಿ ಸುತ್ತು ಬರುವ ದಿಕ್ಕಿನಲ್ಲೇ ಸುತ್ತುತ್ತಾರೆ. ಒಲೆಯ ಬೆಂಕಿಗೆ ಕಸ ಹಾಕುವುದಿಲ್ಲ. ನಮ್ಮಜ್ಜಿ ಇದ್ದಿದ್ದರೆ ಆ ಕುರಿಗಾಹಿಗಳ ಮನೆಯಲ್ಲಿ ಹೊಸಬಳು ಅನ್ನಿಸಿಕೊಳ್ಳುತ್ತಲೇ ಇರಲಿಲ್ಲ.

ಅಮೆರಿಕದಲ್ಲಿ ಇದನ್ನು ಜನಪ್ರಿಯ ಮಾಡಿದವರು ಬಿಲ್ ಕಾಪರ್‌ಥ್ವೇಟ್ ಎಂಬ ಮೇಷ್ಟ್ರು. 1962ರಲ್ಲಿ ಪತ್ರಿಕೆಯೊಂದರಲ್ಲಿ ಮಂಗೋಲಿಯಾದ ಬಗ್ಗೆ ಓದಿ, ತಮ್ಮ ವಿದ್ಯಾರ್ಥಿಗಳ ಜೊತೆ ಸೇರಿ ಕಟ್ಟೋಕೆ ಶುರು ಮಾಡಿದರು. ಈಗ ಅಲ್ಲಿನ ಎಷ್ಟೋ ಸರ್ಕಾರಿ ಪಾರ್ಕುಗಳಲ್ಲಿ ಯರ್ಟ್‌ಗಳಿವೆ. ಉಣ್ಣೆಯ ಬದಲು ದಪ್ಪ ಕ್ಯಾನ್ವಾಸು, ಹೊಗೆಕಂಡಿಯ ಬದಲು ಪಾರದರ್ಶಕ ಗುಮ್ಮಟ, ಕೆಳಗೆ ಮರದ ಹಲಗೆಯ ಜಗಲಿ. ಅಷ್ಟೇ ಬದಲಾವಣೆ.

ನಾವು ಕಾರು ನಿಲ್ಲಿಸಿ, ಹಾಸಿಗೆ, ನೀರು, ಊಟ ಎಲ್ಲ ಹೊತ್ತು ಕಾಡೊಳಗೆ ನಡೆದೆವು. ನನ್ನ ಮಂಡಿ ವಿಷಯ ನಿಮಗೆ ಗೊತ್ತು. ನಿಧಾನಕ್ಕೆ ನಡೆದೆ. ಕರೆಂಟಿಲ್ಲ. ನಲ್ಲಿ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಒಳಗೆ ಎರಡು ಬಂಕ್ ಮಂಚ, ಮೇಜು, ಒಂದು ಕಟ್ಟಿಗೆ ಒಲೆ. ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ ಗುಂಡಿ ಕಕ್ಕಸು. ಈ ಗುಂಡಿ ಕಕ್ಕಸಿನ ಬಗ್ಗೆ ಒಂದು ಮಾತು. ಅದು ಸ್ವಚ್ಛವಾಗಿತ್ತು. ವಾಸನೆ ಇರಲಿಲ್ಲ ಅನ್ನೋಲ್ಲ, ಇತ್ತು. ಆದರೆ ಗುಡಿಸಿದ್ದರು, ಒಂದು ಚೂರು ಕಾಗದ ಬಿದ್ದಿರಲಿಲ್ಲ. ಸಿಬ್ಬಂದಿ ಆಗಾಗ ಬರುತ್ತಾರಂತೆ, ಮಿಕ್ಕಂತೆ ಅಲ್ಲಿ ತಂಗಿದವರೇ ಗುಡಿಸಿ ಹೋಗಬೇಕು. ನಮಗಿಂತ ಮೊದಲು ಇದ್ದವರು ಒಲೆ ಪಕ್ಕ ಒಣ ಸೌದೆ ಸೀಳಿ ಜೋಡಿಸಿ, ಮೇಲೆ ಒಂದು ಹಿಡಿ ಪುರಳೆ ಇಟ್ಟು ಹೋಗಿದ್ದರು. ಯಾರೋ ಏನೋ. ಮುಖ ನೋಡದವರಿಗೆ ಬೆಂಕಿ ಹೊತ್ತಿಸಲು ಸುಲಭವಾಗಲಿ ಅಂತ. ಅದನ್ನು ನೋಡಿ ನನ್ನ ಕಣ್ಣು ತುಂಬಿತು. ಸೊಸೆ "ಅತ್ತೆ, ಏನಾಯ್ತು?" ಅಂತ ಗಾಬರಿಯಾದಳು.

ಉಪ್ಪಿಟ್ಟು ಮಾಡಿದೆವು. ಚಟ್ನಿಪುಡಿ ಇತ್ತು. ಅಲ್ಲಿ ಕಪ್ಪು ಕರಡಿಗಳಿವೆ, ಹಾಗಾಗಿ ಉಳಿದ ತಿಂಡಿಯನ್ನೆಲ್ಲ ಚೀಲಕ್ಕೆ ಕಟ್ಟಿ ಕೈಗೆಟುಕದ ಎತ್ತರಕ್ಕೆ ತೂಗುಹಾಕಿದೆವು. ಎಂಟೂವರೆಗೆಲ್ಲ ಕತ್ತಲು. ಎಂಥಾ ಕತ್ತಲು ಅಂತೀರಿ! ಕೈ ಮುಂದೆ ಹಿಡಿದರೆ ಬೆರಳು ಕಾಣುವುದಿಲ್ಲ. ದೂರದಲ್ಲೊಂದು ಗೂಬೆ ಕೂಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಉತ್ತರ ಕೊಟ್ಟಿತು. ಒಲೆಯಲ್ಲಿ ಕಟ್ಟಿಗೆ ಚಟಪಟ ಅನ್ನುತ್ತಿತ್ತು. ಮಲಗಿಕೊಂಡು ಮೇಲೆ ನೋಡಿದರೆ ಗುಮ್ಮಟದ ತುಂಬ ನಕ್ಷತ್ರ. ನಾನು ಹಾಗೆ ಆಕಾಶ ನೋಡಿದ್ದು ತೀರ್ಥಹಳ್ಳಿ ಕಡೆಯ ನಮ್ಮಜ್ಜಿ ಮನೆ ಅಂಗಳದಲ್ಲಿ, ಇನ್ನೂ ಕರೆಂಟು ಬಂದಿರದ ಕಾಲದಲ್ಲಿ. ಕಾಲೇಜಿನಲ್ಲಿ ಗೆಳತಿಯರ ಮುಂದೆ ಅಜ್ಜಿ ಮನೆಯಲ್ಲಿ ಲಾಟೀನು ಅಂತ ಹೇಳಲು ನನಗೆ ನಾಚಿಕೆಯಾಗುತ್ತಿತ್ತು. ಹೇಳದೆ ಮುಚ್ಚಿಟ್ಟಿದ್ದೆ. ಆ ರಾತ್ರಿ ಅದು ನೆನಪಾಗಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಮೇಜಿನ ಮೇಲೊಂದು ನೋಟ್‌ಪುಸ್ತಕ ಇತ್ತು. ಬಂದವರೆಲ್ಲ ನಾಲ್ಕು ಸಾಲು ಬರೆದು ಹೋಗುವುದು. ನಾನು ಕನ್ನಡದಲ್ಲೇ ಬರೆದೆ. ಸೌದೆ ಇಟ್ಟು ಹೋದವರಿಗೆ ಥ್ಯಾಂಕ್ಸ್ ಹೇಳಿದೆ. ಬೆಳಿಗ್ಗೆ ಹೊರಡುವ ಮುಂಚೆ ಮಗ ಸೌದೆ ಸೀಳಿದ, ನಾನು ಪುರಳೆ ಆರಿಸಿ ತಂದೆ. ನೆಲ ಗುಡಿಸಿ ಬಾಗಿಲು ಹಾಕಿಕೊಂಡು ಬಂದೆವು.

ಈಗ ಹೇಳಿ. ಶನಿವಾರ ಆ ಸಿಮೆಂಟ್ ಯರ್ಟಿನೊಳಗೆ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದ್ದಾಗ ನನಗೆ ಹೇಗಾಗಿರಬೇಡ?

ಹಾಡು ಕುಣಿತ ಬೇಡ ಅನ್ನುತ್ತಿಲ್ಲ. ನಮ್ಮ ಗಣೇಶನ ಹಬ್ಬದಲ್ಲಿ ಮೊದಲು ಕುಣಿಯುವವಳು ನಾನೇ. ಬೆಟ್ಟದ ಮೇಲೆ ರಾತ್ರಿಯನ್ನು ರಾತ್ರಿಯಾಗಿ ಇರಲು ಬಿಡಿ ಅನ್ನುತ್ತಿದ್ದೇನೆ. ಊರಿನಲ್ಲಿ ಇರುವ ಬೆಳಕು, ಊರಿನಲ್ಲಿ ಇರುವ ಸದ್ದು ಅಲ್ಲಿಗೂ ಹೊತ್ತುಕೊಂಡು ಹೋದರೆ ಬೆಟ್ಟಕ್ಕೆ ಹೋಗಿದ್ದು ಯಾಕೆ?

ತಂಗಿ ಗಂಡ ವಾಪಸ್ ಬರುವಾಗ ಕಾರಿನಲ್ಲಿ ಹೇಳಿದರು, "ಅತ್ತಿಗೆ, ಅದು ಅಮೆರಿಕ. ಜನ ಕಡಿಮೆ, ಜಾಗ ಜಾಸ್ತಿ. ಇಲ್ಲಿ ಲೈಟಿಲ್ಲದೆ ಹೆಣ್ಣುಮಕ್ಕಳು ಉಳಿಯೋಕಾಗುತ್ತಾ? ಹಾವು ಚೇಳು ಬಂದರೆ? ವಯಸ್ಸಾದವರು ಹೊರಗಿನ ಟಾಯ್ಲೆಟ್‌ಗೆ ಹೋಗ್ತಾರಾ?"

ಕೇಳಬೇಕಾದ ಪ್ರಶ್ನೆಗಳೇ. ನಾನೂ ಹೆಣ್ಣು, ನನಗೂ ವಯಸ್ಸಾಗಿದೆ. ಗಟ್ಟಿ ಬಾಗಿಲು ಬೇಕು, ಒಳಗಿನಿಂದ ಚಿಲಕ ಬೇಕು. ಕಾಲುದಾರಿಗೆ ನೆಲದ ಕಡೆ ಮುಖ ಮಾಡಿದ ಸಣ್ಣ ದೀಪ ಬೇಕು. ಕಕ್ಕಸು ಹತ್ತಿರ ಇರಬೇಕು, ಶುಚಿಯಾಗಿರಬೇಕು. ಬೇಕಾದರೆ ಕೋಣೆಗೇ ಅಂಟಿಕೊಂಡಿರಲಿ. ಇದೆಲ್ಲ ಒಪ್ಪಿದೆ. ಆದರೆ ಇದರಲ್ಲಿ ಡಿಜೆ ಎಲ್ಲಿ ಬಂತು? ಆಕಾಶಕ್ಕೆ ಹಿಡಿದ ಫ್ಲಡ್‌ಲೈಟಿನಿಂದ ಯಾವ ಚೇಳು ಕಾಣುತ್ತದೆ? ಅಲ್ವಾ? ಭದ್ರತೆ ಬೇರೆ, ಗಲಾಟೆ ಬೇರೆ. ಶುಚಿ ಬೇರೆ, ಐಷಾರಾಮ ಬೇರೆ. ಇವೆರಡನ್ನೂ ಒಂದೇ ಗಂಟು ಕಟ್ಟಿ ನಮಗೆ ಮಾರುತ್ತಿದ್ದಾರೆ, ನಾವು ದುಡ್ಡು ಕೊಟ್ಟು ಕೊಳ್ಳುತ್ತಿದ್ದೇವೆ. ಅದೇ ನನ್ನ ಸಂಕಟ.

ಕಾನೂನು ಇಲ್ಲ ಅಂತಲೂ ಅಲ್ಲ. 2000ದಲ್ಲೇ ಶಬ್ದ ಮಾಲಿನ್ಯ ನಿಯಮಗಳು ಬಂದಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ವರ್ಷದಲ್ಲಿ ಕೆಲವು ದಿನ ವಿನಾಯಿತಿ ಇದೆ, ವಾರ ವಾರ ಅಲ್ಲ. ಮನೆಗಳಿರುವ ಜಾಗದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಮೆಲ್ಲಗೆ ಮಾತಾಡಿದರೆ ಆಗುವಷ್ಟು ಸದ್ದು ಅದು. ಆ ಹುಡುಗನ ಊರಿನಲ್ಲೂ ಮನೆಗಳಿವೆಯಲ್ಲ.

ಮನುಷ್ಯರನ್ನು ಬಿಡಿ. ನಮ್ಮ ಬಯಲುಸೀಮೆಯ ಕುರುಚಲು ಕಾಡುಗಳಲ್ಲಿ, ತುಮಕೂರಿನ ಸುತ್ತ, ಬೆಂಗಳೂರಿನ ಹಳೆಯ ತೋಪುಗಳಲ್ಲಿ ಕೂಡ, ಕಾಡುಪಾಪ ಇದೆ. ಅಂಗೈ ಮೇಲೆ ಕೂರುವಷ್ಟು ಸಣ್ಣ ಜೀವ, ದೊಡ್ಡ ದುಂಡು ಕಣ್ಣು. ರಾತ್ರಿ ಮಾತ್ರ ಓಡಾಡಿ ಹುಳ ಹಿಡಿದು ತಿನ್ನುತ್ತದೆ. ಮಿಣುಕುಹುಳಗಳು ಜೋಡಿ ಹುಡುಕುವುದೇ ಒಂದಕ್ಕೊಂದು ಬೆಳಕು ತೋರಿಸಿ. ಮರಕ್ಕೆಲ್ಲ ಸೀರಿಯಲ್ ಲೈಟು ಸುತ್ತಿಬಿಟ್ಟರೆ ಅವು ಯಾರ ಬೆಳಕು ನೋಡಬೇಕು? ಶನಿವಾರ ಆ ಬೆಟ್ಟದಲ್ಲಿ ನನಗೆ ಒಂದೇ ಒಂದು ಮಿಣುಕುಹುಳ ಕಾಣಲಿಲ್ಲ. ಕಾಲ ಅಲ್ಲದೆಯೂ ಇರಬಹುದು. ಕಾಲವೇ ಆಗಿದ್ದರೂ ಆ ಬೆಳಕಿನಲ್ಲಿ ಕಾಣುತ್ತಿರಲಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ನಮ್ಮವರು ಇದ್ದಾಗ ಒಂದು ಸಲ, ಇಪ್ಪತ್ತು ವರ್ಷದ ಮೇಲಾಯಿತು, ಕೆಮ್ಮಣ್ಣುಗುಂಡಿಗೆ ಹೋಗಿ ಒಂದು ರಾತ್ರಿ ಸುಮ್ನೆ ಉಳಿದು ಬರೋಣ ಕಣೇ ಅಂದಿದ್ದರು. ತೋಟಗಾರಿಕೆ ಇಲಾಖೆಯ ವಸತಿಗೃಹ ಇದೆ, ಚೀಟಿ ಬರೆದರೆ ಸಿಗುತ್ತದೆ ಅಂತ ಎಲ್ಲ ವಿಚಾರಿಸಿಕೊಂಡು ಬಂದಿದ್ದರು. ನಾನೇ ಬೇಡ ಅಂದೆ. ಬಾತ್‌ರೂಮು ಹೇಗಿರುತ್ತೋ, ಬಿಸಿನೀರು ಬರುತ್ತೋ ಇಲ್ವೋ ಅಂತ. ಅವರು ಇನ್ನೊಂದು ಸಲ ಕೇಳಲಿಲ್ಲ. ಅವರ ಸ್ವಭಾವವೇ ಹಾಗೆ, ನಿಮಗೆಲ್ಲ ಗೊತ್ತು. ಆ ಯರ್ಟಿನಲ್ಲಿ ಗುಮ್ಮಟದ ನಕ್ಷತ್ರ ನೋಡುತ್ತಾ ಮಲಗಿದ್ದಾಗ ಪಕ್ಕದ ಮಂಚ ಖಾಲಿ ಇತ್ತು.

ಆದ್ದರಿಂದ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೂ ಇದೆ. ನನ್ನಂಥವರು ಎಸಿ ಇದೆಯಾ, ಟಿವಿ ಇದೆಯಾ ಅಂತ ಕೇಳಿ ಕೇಳಿಯೇ ಆ ಸಿಮೆಂಟ್ ಕೋಣೆಗಳು ಎದ್ದಿವೆ. ನಾವು ಬೇರೆ ಥರ ಕೇಳಿದರೆ ಆ ಒಳ್ಳೆಯ ಹುಡುಗನೂ ಅವನ ಯಜಮಾನರೂ ಬೇರೆ ಥರ ನಡೆಸುತ್ತಾರೆ. ಇದನ್ನು ನಾನು ನಿಜವಾಗಿ ನಂಬುತ್ತೇನೆ.

ಅದಕ್ಕೇ ನಿಮ್ಮನ್ನೆಲ್ಲ ಕೇಳುತ್ತಿದ್ದೇನೆ. ಬೆಂಗಳೂರಿನಿಂದ ಒಂದು ದಿನದಲ್ಲಿ ತಲುಪುವ ಬೆಟ್ಟದಲ್ಲಿ, ಮನೆಯಾಗಲಿ ಡೇರೆಯಾಗಲಿ ಯಾವುದಾದರೂ ಸರಿ, ಶುಚಿಯಾದ ಬಚ್ಚಲು, ಒಂದು ಬಕೆಟ್ ಬಿಸಿನೀರು, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಇರುವ ಜಾಗ ಗೊತ್ತಿದ್ದರೆ ಇನ್‌ಬಾಕ್ಸಿನಲ್ಲಿ ತಿಳಿಸಿ. ಸ್ಪೀಕರ್ ಇರಬಾರದು. ಹತ್ತು ಗಂಟೆಗೆ ದೀಪ ಆರಿಸುವವರಾಗಿರಬೇಕು. ನಾನು, ತಂಗಿ, ಅವಳ ಮಗ ಮೂರು ಜನ. ಹಾಸಿಗೆ ಹೊದಿಕೆ ನಾವೇ ತರುತ್ತೇವೆ. ಶನಿವಾರವೇ ಆಗಬೇಕೆಂದಿಲ್ಲ, ವಾರದ ನಡುವೆ ಆದರೂ ಸರಿ. ರಜೆ ಹಾಕುತ್ತೇನೆ ಅಂತ ತಂಗಿ ಮಗ ಆಗಲೇ ಹೇಳಿದ್ದಾನೆ.