ಒಪ್ಪೊತ್ತಿಗೂ ಒಂದು ಕೊನೆ ಇರುತ್ತಿತ್ತು

ಕಳೆದ ಯುಗಾದಿಗೆ ಊರಿಗೆ ಹೋದಾಗ ಅಕ್ಕನ ಮನೆಯ ಬಚ್ಚಲ ಗೂಡಿನಲ್ಲಿ ಒಂದು ಬಾಚಣಿಗೆ ನೋಡಿದೆ. ಹಲ್ಲಿನ ತುಂಬ ಕೂದಲು. ಪಕ್ಕದಲ್ಲಿ ಪೇಪರಿನಲ್ಲಿ ಸುತ್ತಿಟ್ಟ ಇನ್ನೊಂದು ಉಂಡೆ. ಅಕ್ಕನ ಮಗಳದ್ದು. 24 ವರ್ಷದ ಹುಡುಗಿ. ಚಿಕ್ಕವಳಿದ್ದಾಗ ಎರಡು ಜಡೆ ಹಾಕಿದರೂ ಕೈಗೆ ಸಾಲದಷ್ಟು ದಪ್ಪ ಕೂದಲಿತ್ತು ಅವಳದು.

ಅಕ್ಕನ ಮನೆ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ನಾನು ಹೈದರಾಬಾದ್ ಸೇರಿ 19 ವರ್ಷ ಆಯ್ತು. ತೂಕ ಇಳಿಸೋಕೆ ಅಂತ ಊಟ ಬಿಟ್ಟು ಮೈ ಕೆಡಿಸಿಕೊಳ್ಳುವ ಡಯಟ್ಟಿನ ಸುದ್ದಿಗಳನ್ನೆಲ್ಲ ನಾನು ಹೈದರಾಬಾದಿನ ಆಫೀಸಿನಲ್ಲೇ ಕೇಳುತ್ತಿದ್ದೆ. ನಮ್ಮೂರಿಗೆ ಬರಲ್ಲ ಅಂದುಕೊಂಡಿದ್ದೆ. ಮುದ್ದೆ, ಕಾಳು ಸಾರು, ಬಸ್ಸಾರು ಇರುವ ಮನೆಗೆ ಅದು ಹೇಗೆ ಬರುತ್ತೆ ಅನ್ನೋ ಧೈರ್ಯ. ಆದರೆ ಫೋನು ಎಲ್ಲಿಗೆ ಬರುತ್ತೋ ಅಲ್ಲಿಗೆ ಅದೂ ಬರುತ್ತೆ.

ಅವಳಿಗೆ ಮದುವೆ ಗೊತ್ತಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಯಾರಿಗೋ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ತೂಕ ಇಳಿಸುವ 30 ದಿನದ ಒಂದು ಚಾರ್ಟ್ ತಗೊಂಡಿದ್ದಳು. ಬೆಳಿಗ್ಗೆ ನಿಂಬೆಹಣ್ಣಿನ ನೀರು. ಮಧ್ಯಾಹ್ನ ಸೌತೆಕಾಯಿ ಜ್ಯೂಸು. ಸಂಜೆ ನೀರಿಗೆ ಕಲಸಿದ ಒಂದು ಪುಡಿ. ರಾತ್ರಿ ತರಕಾರಿ ಸೂಪು. ಆ ಚಾರ್ಟನ್ನು ಆಮೇಲೆ ನಾನೇ ಕೂತು ಲೆಕ್ಕ ಹಾಕಿದೆ. ದಿನಕ್ಕೆ 600 ಕ್ಯಾಲೊರಿ ದಾಟಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಎಲ್ಲರ ಜೊತೆ ಊಟಕ್ಕೆ ಕೂತರೆ ಅಮ್ಮ ಮುದ್ದೆ ಇಡುತ್ತಾಳೆ ಅಲ್ವಾ? ತಟ್ಟೆ ಹಿಡಿದುಕೊಂಡು "ಹಿತ್ತಲಲ್ಲಿ ಕೂತು ಉಣ್ತೀನಿ" ಅಂತ ಎದ್ದು ಹೋಗಿ, ಮುದ್ದೆಯನ್ನು ಎಮ್ಮೆಯ ಕಲಗಚ್ಚಿನ ಬಾನಿಗೆ ಹಾಕಿ ಬರುತ್ತಿದ್ದಳಂತೆ. ಇದನ್ನು ಹೇಳುವಾಗ ಅವಳೂ ಅತ್ತಳು, ಅಕ್ಕನೂ ಅತ್ತಳು.

ಮೊದಲ ವಾರ ನಾಲ್ಕು ಕಿಲೋ ಇಳಿದಿತ್ತು. ಅದನ್ನು ನೋಡಿಯೇ ಅವಳಿಗೆ ನಂಬಿಕೆ ಬಂದದ್ದು. ಇದರ ಗುಟ್ಟು ಎಲ್ಲರಿಗೂ ತಿಳಿದಿರಬೇಕು. ನಾವು ತಿಂದ ಅನ್ನ, ಮುದ್ದೆಯ ಒಂದು ಭಾಗವನ್ನು ಮೈ ಗ್ಲೈಕೋಜನ್ ಅನ್ನೋ ರೂಪದಲ್ಲಿ ಈಲಿಯಲ್ಲೂ (ಲಿವರ್) ಮಾಂಸಖಂಡದಲ್ಲೂ ಕೂಡಿಟ್ಟುಕೊಳ್ಳುತ್ತೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತೆ. ಊಟ ಬಿಟ್ಟ ಕೂಡಲೇ ಮೈ ಮೊದಲು ಖರ್ಚು ಮಾಡೋದು ಅದನ್ನೇ. ಜೊತೆಗಿದ್ದ ನೀರೂ ಹೋಗುತ್ತೆ. ತಕ್ಕಡಿಯ ಮುಳ್ಳು ಸರ್ರನೆ ಇಳಿಯುತ್ತೆ. ಕರಗಿದ್ದು ಕೊಬ್ಬು ಅಂತ ನಾವು ಖುಷಿಪಡುತ್ತೇವೆ. ಮತ್ತೆ ನಾಲ್ಕು ದಿನ ಸರಿಯಾಗಿ ಉಂಡರೆ ಆ ನೀರು ಹಾಗೇ ವಾಪಸ್ ಬರುತ್ತೆ.

ಒಂದು ತಿಂಗಳಿಗೆ ಒಂಬತ್ತು ಕಿಲೋ ಇಳಿದಳು. ಕೂದಲು ಆಗಲೇ ಉದುರಲಿಲ್ಲ, ಎರಡು ತಿಂಗಳು ಬಿಟ್ಟು ಶುರುವಾಯ್ತು. ಅದು ಹಾಗೇ ಅಂತೆ. ಮೈಗೆ ಪೆಟ್ಟು ಬಿದ್ದಾಗ ಕೂದಲ ಬೇರು ಬೆಳೆಯೋದು ನಿಲ್ಲಿಸುತ್ತೆ, ಎರಡು ಮೂರು ತಿಂಗಳಾದ ಮೇಲೆ ಒಟ್ಟಿಗೆ ಉದುರುತ್ತೆ. ಹಾಗಾಗಿ ಅವಳಿಗೆ ಡಯಟ್ಟಿಗೂ ಕೂದಲಿಗೂ ಸಂಬಂಧ ಇದೆ ಅಂತಲೇ ಹೊಳೆದಿರಲಿಲ್ಲ. ನೀರು ಬದಲಾಗಿದೆ ಅಂದುಕೊಂಡು ಶಾಂಪೂ ಬದಲಿಸಿದ್ದಳು. ಮುಟ್ಟು ತಪ್ಪಿದ್ದನ್ನೂ ಯಾರಿಗೂ ಹೇಳಿರಲಿಲ್ಲ.

ಯುಗಾದಿಯ ಮಾರನೇ ದಿನ, ಹೊಸತೊಡಕಿನ ರಾತ್ರಿ, ಹೊಟ್ಟೆಯ ಬಲಭಾಗ ಹಿಡಿದುಕೊಂಡು ಮುದುಡಿ ಮಲಗಿಬಿಟ್ಟಳು. ಬೆವರು, ವಾಂತಿ. ಕಾರಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದೆವು. ಹಿಂದಿನ ಸೀಟಿನಲ್ಲಿ ಅಕ್ಕನ ತೊಡೆ ಮೇಲೆ ತಲೆ ಇಟ್ಟು "ಮಾಮ, ಅಪ್ಪಂಗೆ ಹೇಳ್ಬೇಡ" ಅಂತ ಅದನ್ನೇ ಹೇಳುತ್ತಿದ್ದಳು. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲು ಕಂಡವು. ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಮೈಕೊಬ್ಬು ಬೇಗ ಬೇಗ ಕರಗುವಾಗ ಈಲಿ ಪಿತ್ತರಸಕ್ಕೆ ಜಾಸ್ತಿ ಕೊಲೆಸ್ಟ್ರಾಲ್ ಬಿಡುತ್ತೆ. ಇತ್ತ ಊಟದಲ್ಲಿ ಎಣ್ಣೆ ತುಪ್ಪ ಇಲ್ಲದಿದ್ದರೆ ಪಿತ್ತಕೋಶ ಸರಿಯಾಗಿ ಹಿಂಡಿಕೊಳ್ಳಲ್ಲ. ನಿಂತ ಪಿತ್ತರಸ ಗಟ್ಟಿಯಾಗಿ ಕಲ್ಲಾಗುತ್ತೆ. ವಾರಕ್ಕೆ ಒಂದೂವರೆ ಕಿಲೋಗಿಂತ ಜಾಸ್ತಿ ಇಳಿಯುವವರಲ್ಲಿ ಈ ಅಪಾಯ ಹೆಚ್ಚು. ಕಲ್ಲು ಇದ್ದ ಪಿತ್ತಕೋಶಕ್ಕೆ ಹೊಸತೊಡಕಿನ ಬಾಡೂಟ ಬಿದ್ದಿತ್ತು, ನೋವು ಎದ್ದಿತ್ತು.

ನನಗೆ ಜಾಸ್ತಿ ಕಾಡಿದ್ದು ಇನ್ನೊಂದು ಮಾತು. ಆ 30 ದಿನ ರಾತ್ರಿ ನಿದ್ದೆ ಬರದೆ ಅವಳು ಫೋನಿನಲ್ಲಿ ಅಡುಗೆ ವಿಡಿಯೋ ನೋಡುತ್ತಿದ್ದಳಂತೆ. ಬಿರಿಯಾನಿ, ಮಸಾಲೆ ದೋಸೆ, ಕೇಕು, ಒಂದಾದ ಮೇಲೆ ಒಂದು. ಇದನ್ನು ಕೇಳಿ ನನಗೆ ಅಮೆರಿಕದ ಒಂದು ಪ್ರಯೋಗ ನೆನಪಾಯ್ತು. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಆರೋಗ್ಯವಂತ ಗಂಡಸರಿಗೆ, ಅವರ ಒಪ್ಪಿಗೆ ಪಡೆದು, 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಯುದ್ಧದಲ್ಲಿ ಹಸಿದವರನ್ನು ಮತ್ತೆ ಹೇಗೆ ಉಣ್ಣಿಸಬೇಕು ಅಂತ ತಿಳಿಯೋಕೆ. ಅವರ ಮೈತೂಕದ ಸುಮಾರು ಕಾಲುಭಾಗ ಹೋಯ್ತು. ನಾಡಿ ನಿಧಾನವಾಯ್ತು. ಬೇಸಿಗೆಯಲ್ಲೂ ಚಳಿ. ಸಿಟ್ಟು, ಮಂಕು. ಹಗಲೂ ರಾತ್ರಿ ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಹೊಟ್ಟೆ ತುಂಬಿದರೂ ತಿನ್ನೋದು ನಿಲ್ಲಿಸೋಕೆ ಆಗಲಿಲ್ಲ ಕೆಲವರಿಗೆ. ಅವರಿಗೆ ಕೊಟ್ಟದ್ದು ದಿನಕ್ಕೆ ಸುಮಾರು 1,570 ಕ್ಯಾಲೊರಿ. ನಮ್ಮ ಹುಡುಗಿ ಕುಡಿದದ್ದು ಅದರ ಅರ್ಧವೂ ಇಲ್ಲ. ಅವರನ್ನು ನೋಡಿಕೊಳ್ಳೋಕೆ ಪಕ್ಕದಲ್ಲೇ ಡಾಕ್ಟರುಗಳಿದ್ದರು. ಇವಳ ಪಕ್ಕ ಯಾರಿದ್ದರು?

ಹೈದರಾಬಾದಿನಲ್ಲಿ ಕೆಲವು ವರ್ಷಗಳ ಹಿಂದೆ ಕೊಬ್ಬರಿ ಎಣ್ಣೆ ಕುಡಿಯುವ ಡಯಟ್ಟಿನ ಅಲೆ ಎದ್ದಿತ್ತು. ಅನ್ನ, ರೊಟ್ಟಿ, ಬೇಳೆ ಎಲ್ಲ ಬಂದ್. ನಮ್ಮ ಆಫೀಸಿನ ಒಬ್ಬರು ಸಕ್ಕರೆ ಕಾಯಿಲೆಯವರು. ಮಾತ್ರೆಯನ್ನು ಹಿಂದಿನಷ್ಟೇ ನುಂಗುತ್ತಾ ಊಟ ಮಾತ್ರ ನಿಲ್ಲಿಸಿದ್ದರು. ಒಂದು ಮಧ್ಯಾಹ್ನ ಕೂತಲ್ಲೇ ಕೈ ನಡುಗಿ, ಅಂಗಿ ಒದ್ದೆಯಾಗಿ, ಮಾತು ತೊದಲತೊಡಗಿತು. ಯಾರೋ ಗೊತ್ತಿದ್ದವರು ಬಾಯಿಗೆ ಸಕ್ಕರೆ ನೀರು ಹಾಕಿದರು, ಉಳಿದರು. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳು ಊಟ ಇದ್ದರೂ ಇಲ್ಲದಿದ್ದರೂ ತಮ್ಮ ಕೆಲಸ ಮಾಡುತ್ತವೆ. ಇದನ್ನು ಅವರಿಗೆ ಹೇಳಬೇಕಾದವರು ಅವರ ಡಾಕ್ಟರು. ಇವರು ಡಾಕ್ಟರನ್ನು ಕೇಳಿರಲೇ ಇಲ್ಲ. ಹೀಗೆ ಅನ್ನ ರೊಟ್ಟಿ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಕೀಟೋ ಅನ್ನೋ ಡಯಟ್ಟೂ 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಮೂರ್ಛೆ ರೋಗಕ್ಕೆ ಚಿಕಿತ್ಸೆಯಾಗಿ ಶುರುವಾದದ್ದು. ಆಸ್ಪತ್ರೆಯವರ ಕಣ್ಣಿನಡಿ ಕೊಡುವಂಥದ್ದು.

ಹಾಗಂತ ಹಸಿದಿರೋದು ನಮಗೆ ಹೊಸದಲ್ಲ. ನಮ್ಮಜ್ಜಿ ಬದುಕಿರೋವರೆಗೂ ಶನಿವಾರ ಒಪ್ಪೊತ್ತು ಬಿಡಲಿಲ್ಲ. ಮಧ್ಯಾಹ್ನ ಒಂದು ಊಟ, ರಾತ್ರಿ ಒಂದು ಹಿಡಿ ಅವಲಕ್ಕಿ ಇಲ್ಲಾ ಉಪ್ಪಿಟ್ಟು. ಶಿವರಾತ್ರಿಗೆ ಪೂರ್ತಿ ಉಪವಾಸ. ಆದರೆ ಅದು ಇಡೀ ಮನೆಗೆ ಗೊತ್ತಿರುತ್ತಿತ್ತು. ಭಾನುವಾರ ಬೆಳಿಗ್ಗೆ ಮುಗಿದುಹೋಗುತ್ತಿತ್ತು. ಬಸುರಿ, ಬಾಣಂತಿ, ಮಕ್ಕಳು, ಕಾಯಿಲೆಯವರು ಮಾಡಬಾರದು ಅಂತ ಅಜ್ಜಿಯೇ ಹೇಳುತ್ತಿದ್ದಳು. ಹೈದರಾಬಾದಿನಲ್ಲಿ ರಂಜಾನ್ ತಿಂಗಳಲ್ಲೂ ನಾನು ಇದನ್ನೇ ನೋಡುತ್ತೇನೆ. ಹೊತ್ತು ಮುಳುಗುತ್ತಲೇ ಖರ್ಜೂರ ಬಾಯಿಗೆ, ಎಲ್ಲರೂ ಒಟ್ಟಿಗೆ ಕೂತು. ಅಲ್ಲೂ ಕಾಯಿಲೆಯವರಿಗೆ, ದೂರ ಹೊರಟವರಿಗೆ ವಿನಾಯಿತಿ ಇದೆ. ಎರಡು ಕಡೆಯೂ ಹಸಿವಿಗೆ ಒಂದು ಗಡುವು ಇದೆ, ಪಕ್ಕದಲ್ಲಿ ಜನ ಇದ್ದಾರೆ. ಫೋನಿನ ಚಾರ್ಟಿನಲ್ಲಿ ಇವೆರಡೂ ಇಲ್ಲ. 30 ದಿನ ಮುಗಿದರೆ ಇನ್ನೊಂದು 30 ದಿನಕ್ಕೆ ದುಡ್ಡು ಕಟ್ಟಿ ಅನ್ನುತ್ತೆ. ಗುಟ್ಟಾಗಿ ಮಾಡುವ ಉಪವಾಸವೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು.

ನಮ್ಮೂರಿನ ಕಡೆಯೂ ತಪ್ಪಿದೆ, ಅದನ್ನು ಹೇಳದೆ ಇರಲಾರೆ. ನಮ್ಮಲ್ಲಿ ತಟ್ಟೆ ನೋಡುವ ಕಣ್ಣೇ ಮೈಯನ್ನೂ ನೋಡುತ್ತೆ. ಹೆಣ್ಣು ನೋಡುವ ಶಾಸ್ತ್ರದ ದಿನ ನಮ್ಮ ಕಡೆಯ ನೆಂಟರೇ ಒಬ್ಬರು ಅವಳೆದುರೇ "ಹುಡುಗಿ ಸ್ವಲ್ಪ ದಪ್ಪ ಆದ್ಲು" ಅಂದಿದ್ದರು. ಹೈದರಾಬಾದಿನಲ್ಲಿ ಪಕ್ಕದ ಮನೆಯವರು ಮನಸ್ಸಿನಲ್ಲಿ ಅಂದುಕೊಂಡರೂ ಬಾಯಿಬಿಟ್ಟು ಹೇಳಲ್ಲ. ಈ ಒಂದು ವಿಷಯದಲ್ಲಿ ನನಗೆ ಅಲ್ಲಿನ ರೀತಿಯೇ ಮೇಲು ಅನಿಸುತ್ತೆ. ಇನ್ನು, ಗದ್ದೆ ಕೆಲಸ ಟ್ರ್ಯಾಕ್ಟರಿಗೆ ಹೋಯ್ತು, ಅಂಗಡಿಗೂ ಬೈಕು ಬಂತು, ಮುದ್ದೆಯ ಗಾತ್ರ ಮಾತ್ರ ಅಪ್ಪನ ಕಾಲದ್ದೇ. ನಾಡಿಗೆಲ್ಲ ಅಯ್ಯಂಗಾರ್ ಬೇಕರಿ ಕೊಟ್ಟ ಜಿಲ್ಲೆ ನಮ್ಮದು, ಸಂಜೆ ಬೇಕರಿ ಮುಂದೆ ನಿಲ್ಲುವ ಜನವೂ ಜಾಸ್ತಿಯಾಗಿದ್ದಾರೆ. ತೂಕ ಇಳಿಸಬೇಕಾದವರು ನಮ್ಮಲ್ಲಿ ಇದ್ದಾರೆ, ನಿಜ.

ಅದಕ್ಕೆ ದಾರಿ ನಾನಿರುವ ತಾರ್ನಾಕದಲ್ಲೇ ಇದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಗೇಟಿನ ಮುಂದೆ ದಿನಾ ನಡೆದು ಹೋಗುತ್ತೇನೆ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗವನ್ನು ತಿಳಿಯಲು ಶುರುವಾಗಿ, 1958ರಲ್ಲಿ ಹೈದರಾಬಾದಿಗೆ ಬಂದ ಸಂಸ್ಥೆ. ಬೆರಿಬೆರಿ ಬರುತ್ತಿದ್ದದ್ದು ಪಾಲಿಶ್ ಮಾಡಿದ ಅಕ್ಕಿಯೊಂದನ್ನೇ ನೆಚ್ಚಿಕೊಂಡವರಿಗೆ. ಒಂದೇ ಪದಾರ್ಥದ ಮೇಲೆ ಬದುಕಿದರೆ ಏನಾಗುತ್ತೆ ಅನ್ನೋದು ನೂರು ವರ್ಷದ ಹಿಂದೆಯೇ ಗೊತ್ತಾಗಿತ್ತು. ಇದೇ ಸಂಸ್ಥೆ 2024ರಲ್ಲಿ ಭಾರತೀಯರ ಊಟಕ್ಕೆ 17 ಸೂತ್ರ ಕೊಟ್ಟಿತು. ತೂಕ ಇಳಿಸುವವರು ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು, ದಿನಕ್ಕೆ 1,000 ಕ್ಯಾಲೊರಿಗಿಂತ ಕೆಳಗೆ ಹೋಗಬಾರದು ಅಂತ ಅದರಲ್ಲಿದೆ. ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ: ಮುದ್ದೆ ಅರ್ಧ ಮಾಡು, ಸೊಪ್ಪು ಕಾಳು ಎರಡರಷ್ಟು ಹಾಕು. ಮುದ್ದೆಯನ್ನು ಪೂರ್ತಿ ಬಿಡಿಸಬೇಡ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಅದನ್ನು ಸೌತೆಕಾಯಿ ಜ್ಯೂಸಿನಿಂದ ತರೋಕೆ ಆಗಲ್ಲ.

ಹುಡುಗಿಗೆ ಆಪರೇಷನ್ ಆಯ್ತು, ಪಿತ್ತಕೋಶ ತೆಗೆದರು. ಮದುವೆಯನ್ನು ಕಾರ್ತಿಕಕ್ಕೆ ಮುಂದೂಡಿದೆವು. ಗಂಡಿನ ಕಡೆಯವರಿಗೆ ಅಕ್ಕ ಏನನ್ನೂ ಮುಚ್ಚಿಡದೆ ಹೇಳಿದಳು, ಅವರು ಒಪ್ಪಿದರು. ಹಣೆಯ ಹತ್ತಿರ ಈಗ ಹೊಸ ಕೂದಲು ಬೆರಳುದ್ದ ಬಂದಿದೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಕ್ಕ "ನೋಡೋ, ಇವಳೇ ಇವತ್ತು ಬಸ್ಸಾರು ಮಾಡಿರೋದು" ಅಂತ ಫೋನು ಅವಳ ಕಡೆ ತಿರುಗಿಸಿದಳು. ಅಡುಗೆಮನೆಯಲ್ಲಿ ಎಲ್ಲರ ಜೊತೆ ಕೂತು ಉಣ್ಣುತ್ತಿದ್ದಳು. ಬಾಯಲ್ಲಿ ತುತ್ತು ಇಟ್ಟುಕೊಂಡೇ "ಮಾಮ, ನಿಂದು ಊಟ ಆಯ್ತಾ?" ಅಂದಳು.