ದೆರೆಚೊ, ದೆರೆಚಾ ಮತ್ತು ನಮ್ಮತ್ತೆ

ಗ್ವಾನಾಹ್ವಾತೊ ಅನ್ನೋ ಹೆಸರು ನನ್ನ ನಾಲಿಗೆಗೆ ಹೊಂದಿಕೊಳ್ಳಲು ಒಂದು ವಾರ ಬೇಕಾಯಿತು. ಅತ್ತೆಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಮೊದಲ ಸಲ ಕೇಳಿದ ಕೂಡಲೇ "ಗುಣವಂತ" ಅಂದರು. ಆಮೇಲೆ ಎಷ್ಟು ತಿದ್ದಿದರೂ ಅವರಿಗೆ ಅದು ಗುಣವಂತನ ಊರೇ.

ಯಜಮಾನರ ಕೆಲಸದ ದೆಸೆಯಿಂದ ನಾವಿರುವುದು ಮೆಕ್ಸಿಕೊದ ಕೆರೆತಾರೊದಲ್ಲಿ. (ಹೆಸರಿನಲ್ಲಿ ಕೆರೆ ಇದೆ. ನಮ್ಮ ಮನೆ ಸುತ್ತಮುತ್ತ ಎಲ್ಲೂ ಸಿಕ್ಕಿಲ್ಲ.) ಮೈಸೂರಿನಿಂದ ಮೂರು ತಿಂಗಳ ಮಟ್ಟಿಗೆ ಬಂದ ಅತ್ತೆಗೆ ಮನೆಯಲ್ಲಿ ಕೂತು ಬೇಸರ ಹಿಡಿದಿತ್ತು. ಬಸ್ಸಿನಲ್ಲಿ ಎರಡೂವರೆ ಗಂಟೆ ಹೋದರೆ ಈ ಹಳೇ ಬೆಳ್ಳಿ ಗಣಿಗಳ ಊರು. 1988ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿದ್ದು. ಗುಡ್ಡದ ತುಂಬ ಬಣ್ಣಬಣ್ಣದ ಮನೆಗಳು, ಗೊಂಬೆ ಹಬ್ಬಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಟ್ಟ ಹಾಗೆ. ಇವರಿಗೆ ರಜೆ ಸಿಗಲಿಲ್ಲ. "ನಾನೇ ಕರ್ಕೊಂಡು ಹೋಗ್ತೀನಿ ಬಿಡಿ, ಎಂಟು ತಿಂಗಳಿಂದ ಸ್ಪ್ಯಾನಿಷ್ ಕಲೀತಿದ್ದೀನಲ್ಲ" ಅಂದೆ. ಮುಂದಿನ ಎಲ್ಲ ಅನಾಹುತಕ್ಕೂ ಈ ಮಾತೇ ಮೂಲ.

ಬಸ್ಸಿನಲ್ಲಿ ಅತ್ತೆ ಕೇಳಿದರು, "ಅಲ್ಲಿ ಏನೇನು ನೋಡೋದಿದೆ?" ಹಳೇ ಉಗ್ರಾಣ, ಒಂದು ನಾಟಕ ಶಾಲೆ, ಆಮೇಲೆ 'ಕಾಯೆಹೋನ್ ದೆಲ್ ಬೆಸೊ' ಅಂತ ಒಂದು ಓಣಿ ಅಂದೆ. ಹಾಗಂದ್ರೇನು ಅಂದರು. ಅತ್ತೆಯ ಮುಂದೆ ಚುಂಬನ ಅನ್ನೋಕೆ ಒಂಥರಾ ಆಯಿತು. "ಮುತ್ತಿನ ಓಣಿ" ಅಂದುಬಿಟ್ಟೆ. ಅತ್ತೆಯ ಮುಖ ಅರಳಿತು. ಹಂಪಿ ಬೀದಿಯಲ್ಲಿ ಮುತ್ತು ರತ್ನ ಅಳೆದು ಮಾರಿದ ಕಥೆ ಕೇಳಿ ಬೆಳೆದವರು. "ಎರಡೆಳೆ ಸರ ಒಂದು ನೋಡೋಣ, ರೇಟು ಕಡಿಮೆ ಇದ್ರೆ ನಿಮ್ಮಮ್ಮನಿಗೂ ಒಂದು" ಅಂದರು. ತಿದ್ದಬೇಕಿತ್ತು. ಮುಂದೆ ಹೇಗೋ ಆಗುತ್ತೆ ಅಂತ ಸುಮ್ನೆ ಕಿಟಕಿ ಕಡೆ ನೋಡಿದೆ.

ಊರು ತಲುಪಿ ಮೊದಲು ಹೋಗಿದ್ದು ಉಗ್ರಾಣಕ್ಕೆ. ಹೆಸರು ಅಲೋಂದಿಗಾ. ಸೋಮವಾರ, ಬಾಗಿಲು ಹಾಕಿತ್ತು. ಈ ದೇಶದಲ್ಲಿ ಹೆಚ್ಚಿನ ಮ್ಯೂಸಿಯಂಗಳಿಗೆ ಸೋಮವಾರ ರಜೆ ಅನ್ನೋದು ನನಗೆ ಗೊತ್ತಿತ್ತು. ಅವತ್ತು ಸೋಮವಾರ ಅನ್ನೋದು ಮರೆತಿತ್ತು, ಅಷ್ಟೇ. ಹೊರಗೆ ನಿಂತೇ ಕಥೆ ಹೇಳಿದೆ. ಧಾನ್ಯ ಕೂಡಿಡಲು ಕಟ್ಟಿದ ಕಟ್ಟಡ, ಕೆಲಸ ಮುಗಿದದ್ದು 1809ರಲ್ಲಿ. ಮರುವರ್ಷವೇ ಸ್ವಾತಂತ್ರ್ಯದ ದಂಗೆ. ಸ್ಪೇನ್ ಕಡೆಯವರು ಒಳಗೆ ಸೇರಿ ಬಾಗಿಲು ಭದ್ರ ಮಾಡಿಕೊಂಡರು. ಸೆಪ್ಟೆಂಬರ್ 28ರಂದು ಪಿಪಿಲಾ ಎಂಬ ಗಣಿ ಕೆಲಸಗಾರ ಬೆನ್ನಿಗೆ ಚಪ್ಪಡಿ ಕಲ್ಲು ಕಟ್ಟಿಕೊಂಡು, ಗುಂಡುಗಳ ನಡುವೆ ತೆವಳುತ್ತಾ ಹೋಗಿ ಬಾಗಿಲಿಗೆ ಬೆಂಕಿ ಇಟ್ಟನಂತೆ. ಮಾರನೇ ವರ್ಷ ದಂಗೆಯ ನಾಯಕರು ಸಿಕ್ಕಿಬಿದ್ದರು. ಅವರಲ್ಲಿ ನಾಲ್ವರ ತಲೆಗಳನ್ನು ಕಬ್ಬಿಣದ ಪಂಜರದಲ್ಲಿಟ್ಟು ಇದೇ ಕಟ್ಟಡದ ನಾಲ್ಕು ಮೂಲೆಗೆ ನೇತುಹಾಕಿದರು. 1821ರವರೆಗೆ, ಅಂದರೆ ಹತ್ತು ವರ್ಷ, ಅಲ್ಲೇ ಇದ್ದವು. ಈಗಲೂ ಮೂಲೆಗೊಂದು ಹೆಸರಿದೆ. ನಾವು ನಿಂತಿದ್ದ ಮೂಲೆ ಇದಾಲ್ಗೊ ಅವರದು.

"ಬೆಳಗ್ಗೆ ಬೆಳಗ್ಗೆ ತಲೆ ಸುದ್ದಿ ಯಾಕೆ, ನಡಿ" ಅಂದರು ಅತ್ತೆ. ಮಿಕ್ಕ ಮೂರು ಮೂಲೆ ನೋಡದೆ ಹೊರಟೆವು.

ಪಿಪಿಲಾ ಹೊತ್ತಿದ್ದು ಬರೀ ಕಲ್ಲು. ನನ್ನ ಬೆನ್ನ ಮೇಲಿದ್ದದ್ದು ಅತ್ತೆಯ ಬ್ಯಾಗು. ಎರಡು ಬಾಟಲಿ ನೀರು, ಕೊಡೆ, ಸ್ವೆಟರ್, ಚಿತ್ರಾನ್ನದ ಡಬ್ಬಿ, ಮೈಸೂರಿಂದ ತಂದ ಕೋಡುಬಳೆ ಅರ್ಧ ಕೇಜಿ, ಮತ್ತು ಯಾಕೆ ಅಂತ ನಾನು ಕೇಳದ ಒಂದು ಸ್ಟೀಲ್ ಲೋಟ.

ಅಲ್ಲಿಂದ ತೆಯಾತ್ರೊ ಹ್ವಾರೆಸ್ ಅನ್ನೋ ನಾಟಕ ಶಾಲೆಗೆ ಮೊಬೈಲ್ ನಕ್ಷೆ ಪ್ರಕಾರ ಹದಿನೈದು ನಿಮಿಷ. ಆಗ ಗಂಟೆ ಹತ್ತೂವರೆ. ಆದರೂ ಭಾಷೆ ಕಲಿತಿದ್ದು ಯಾವಾಗ ತೋರಿಸೋದು? ಟೋಪಿ ಹಾಕಿಕೊಂಡು ಜಗಲಿ ಮೇಲೆ ಕೂತಿದ್ದ ಒಬ್ಬ ಅಜ್ಜನನ್ನು ಕೇಳಿದೆ. ಅವರು ಖುಷಿಯಿಂದ ಎದ್ದು ನಿಂತು "ದೆರೆಚೊ, ದೆರೆಚೊ" ಅಂದರು.

"ಬಲಕ್ಕಂತೆ ಅತ್ತೆ."

"ಆಯಪ್ಪ ಕೈ ಮುಂದಕ್ಕೆ ತೋರಿಸ್ದನಲ್ಲೇ?"

"ಅವರ ಕೈ ನೋಡಬೇಡಿ, ಮಾತು ಕೇಳಿ."

ಬಲಕ್ಕೆ ತಿರುಗಿದೆವು. ಓಣಿ ಇಳಿಯಿತು, ಮೆಟ್ಟಿಲಾಯಿತು, ಮತ್ತೆ ಇಳಿಯಿತು. ಗೋಡೆ ಪಕ್ಕದಲ್ಲಿ ಇನ್ನೊಂದು ಸಾಲು ಮೆಟ್ಟಿಲು. ಅದನ್ನೂ ಇಳಿದರೆ ತಲೆ ಮೇಲೆ ಆಕಾಶವೇ ಇಲ್ಲ. ಕಲ್ಲಿನ ಕಮಾನು, ಹಳದಿ ದೀಪ, ಸಾಲಾಗಿ ಕಾರು. ಹಿಂದೆ ಈ ಊರಿನ ನಡುವೆ ನದಿ ಹರಿಯುತ್ತಿತ್ತು. ಮತ್ತೆ ಮತ್ತೆ ಪ್ರವಾಹ ಬಂದು ಊರು ಮುಳುಗುತ್ತಿತ್ತು. 1905ರದ್ದಂತೂ ಭೀಕರ. ಕೊನೆಗೆ ನೀರಿಗೆ ಬೇರೆ ದಾರಿ ಮಾಡಿ, ಒಣಗಿದ ನದಿಯ ಪಾತ್ರವನ್ನೇ ರಸ್ತೆ ಮಾಡಿದರು. ಮೇಲೆ ಮನೆಗಳು, ಕೆಳಗೆ ಟ್ರಾಫಿಕ್ಕು. ನೆಲದಡಿಯಲ್ಲೇ ಬಸ್ ಸ್ಟಾಪು ಕೂಡ ಇದೆ! ಇಂಥ ಊರಿನಲ್ಲಿ ನಕ್ಷೆ ಸುಳ್ಳು ಹೇಳೋದಿಲ್ಲ, ಪೂರ್ತಿ ನಿಜವನ್ನೂ ಹೇಳೋದಿಲ್ಲ. ನನ್ನ ಮೊಬೈಲಿನ ನೀಲಿ ಚುಕ್ಕಿ ಒಂದು ಚರ್ಚಿನ ಮುಂದೆ ಆರಾಮಾಗಿ ನಿಂತಿತ್ತು. ನಮ್ಮ ಮೂಗಿನ ಮುಂದೆ ಇದ್ದದ್ದು ಒಂದು ಲಾರಿಯ ಹಿಂಭಾಗ.

"ಚರ್ಚು ಇಲ್ಲೇ ಇರಬೇಕಲ್ಲ" ಅಂದೆ.

ಅತ್ತೆ ಕಮಾನನ್ನು ನೋಡಿ, "ಇರುತ್ತೆ ಕಣೇ, ಮೇಲಿರುತ್ತೆ. ನಾವು ಪಾತಾಳದಲ್ಲಿದ್ದೀವಿ" ಅಂದರು.

ಸಿಕ್ಕ ಮೆಟ್ಟಿಲು ಹತ್ತಿ, ಸುತ್ತಿ ಬಳಸಿ ಬೀದಿಗೆ ಬಂದರೆ ಎದುರಿಗೆ ಒಂದು ದೊಡ್ಡ ಕಟ್ಟಡ. ಮೂಲೆಯಲ್ಲಿ ಹೆಸರು ಅಯೆಂದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು, "ಇದು ಎರಡನೇ ತಲೆ" ಅಂದರು.

ಅವರ ಕೋಪ ಇಳಿಸಲು ಹತ್ತಿರದ ಇದಾಲ್ಗೊ ಮಾರ್ಕೆಟ್ಟಿಗೆ ಕರೆದೊಯ್ದೆ. 1910ರಲ್ಲಿ, ಸ್ವಾತಂತ್ರ್ಯ ಹೋರಾಟಕ್ಕೆ ನೂರು ವರ್ಷ ತುಂಬಿದಾಗ ತೆರೆದದ್ದು. ಕಬ್ಬಿಣದ ಕಮಾನಿನ ಚಾವಣಿ, ಗಡಿಯಾರದ ಗೋಪುರ, ನೋಡಿದರೆ ರೈಲ್ವೆ ಸ್ಟೇಷನ್. "ಹೂವಿನ ಸಾಲು ಎಲ್ಲಿ?" ಅಂತ ಅತ್ತೆ ಹುಡುಕಿದರು, ದೇವರಾಜ ಮಾರ್ಕೆಟ್ಟಿನ ಅಭ್ಯಾಸ. ನಾನು "ಸಿನ್ ಕಾರ್ನೆ", ಮಾಂಸ ಬೇಡ, ಅಂತ ಸ್ಪಷ್ಟವಾಗಿ ಹೇಳಿ ಏನೋ ಒಂದು ತಿಂಡಿ ಕೇಳಿದೆ. ಕೋಳಿ ಹಾಕಿ ತಂದರು. ಇಲ್ಲಿ ತುಂಬ ಜನರ ಲೆಕ್ಕದಲ್ಲಿ ಕೋಳಿ 'ಕಾರ್ನೆ' ಅಲ್ಲ! ಕೊನೆಗೆ ಸ್ಟೀಲ್ ಲೋಟದ ಪಕ್ಕ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಮೇಲೆ ಒಂದು ಕಪ್ ಮಾವಿನ ಹೋಳು, ಖಾರದ ಪುಡಿ ಉದುರಿಸಿ ನಿಂಬೆ ಹಿಂಡಿದ್ದು.

"ಇದು ನಮ್ಮದೇ ಕಣೇ!" ಅಂದರು ಅತ್ತೆ. ಅರ್ಧ ಸರಿ. ಮಾವು ನಮ್ಮ ಕಡೆಯದು, ಫಿಲಿಪ್ಪೀನ್ಸ್ ಸುತ್ತಿ ಸ್ಪೇನಿನವರ ಹಡಗಿನಲ್ಲಿ ಇಲ್ಲಿಗೆ ಬಂತು. ಮೆಣಸಿನಕಾಯಿ ಇಲ್ಲಿಯದು, ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂತು. ಎರಡೂ ಅಷ್ಟು ದೂರ ಹೋಗಿ ದಾರಿ ತಪ್ಪದೆ ತಲುಪಿವೆ. ನಮಗೆ ಒಂದು ಕಿಲೋಮೀಟರ್ ಆಗುತ್ತಿಲ್ಲ.

ಈ ಸಲ ಒಂದು ಶಾಲಾ ಹುಡುಗಿಯನ್ನು ಕೇಳಿದೆ. ಮಕ್ಕಳು ಬಿಡಿಸಿ ಹೇಳುತ್ತಾರೆ ಅಲ್ವಾ. ಅವಳೂ ಬಿಡಿಸಿಯೇ ಹೇಳಿದಳು: "ದೆರೆಚೊ, ದೆರೆಚೊ, ಆಮೇಲೆ ದೆರೆಚಾ." ನಾನು ಲೆಕ್ಕ ಹಾಕಿದೆ. ಮೂರು ಸಲ ಬಲಕ್ಕೆ. ತಿರುಗಿದೆವು. ಬಲಕ್ಕೆ. ಮತ್ತೆ ಬಲಕ್ಕೆ. ಇನ್ನೊಮ್ಮೆ ಬಲಕ್ಕೆ ತಿರುಗುವಷ್ಟರಲ್ಲಿ ಆ ಗೋಡೆ ಪರಿಚಯದ್ದು ಅನ್ನಿಸಿತು. ಮೂಲೆಯ ಹೆಸರು ಅಲ್ದಾಮ.

"ಬರೀ ಬಲಕ್ಕೇ ತಿರುಗ್ತಾ ಹೋದ್ರೆ ಏನಾಗುತ್ತೆ ಹೇಳು?" ಅಂದರು ಅತ್ತೆ. ನಾನು ಸುಮ್ಮನಿದ್ದೆ. "ಪ್ರದಕ್ಷಿಣೆ ಆಗುತ್ತೆ."

ಅಲ್ಲೇ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ನಿಘಂಟು ತೆಗೆದೆ. ದೆರೆಚಾ ಅಂದರೆ ಬಲಕ್ಕೆ. ದೆರೆಚೊ ಅಂದರೆ ನೇರಕ್ಕೆ. ಇದು ಮೊದಲ ತಿಂಗಳ ಪಾಠ. ಆ ವಾರ ನನಗೆ ಶೀತವಾಗಿತ್ತು.

"ಒಂದು ಕೊಂಬು ಓತ್ವಕ್ಕೆ ನನ್ನ ಮೊಣಕಾಲು ಹೋಯ್ತು" ಅಂದರು ಅತ್ತೆ. ಅವತ್ತಿನಿಂದ ಮನೆಯಲ್ಲಿ ನಾನು ಏನೇ ಹೇಳಿದರೂ "ಕೊಂಬು ನೋಡ್ಕೊಂಡು ಹೇಳಮ್ಮಾ" ಅನ್ನುತ್ತಾರೆ.

ಮುಂದಿನ ಮುಂದಾಳತ್ವ ಅವರದು. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ "ತಿಯಾತ್ರೊ?" ಅನ್ನೋದು, ಮಾತು ಕೇಳದೆ ಕೈ ಮಾತ್ರ ನೋಡೋದು. ನಿಜಕ್ಕೂ ದಾರಿ ನೇರವೇ ಇತ್ತು. ಚಿತ್ರಕಾರ ದಿಯೆಗೊ ರಿವೇರಾ 1886ರಲ್ಲಿ ಹುಟ್ಟಿದ ಮನೆ ಬಂತು. ಸೋಮವಾರ, ಬೀಗ. ಮುಂದೆ ವಿಶ್ವವಿದ್ಯಾಲಯ, ಅದರ ಮುಂದೆ 113 ಮೆಟ್ಟಿಲು. "ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವಳು ನಾನು" ಅಂತ ಸೆರಗು ಸಿಕ್ಕಿಸಿದರು. ಊರಿರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಮೂವತ್ತನೇ ಮೆಟ್ಟಿಲಲ್ಲಿ ಕೂತರು. "ಅಲ್ಲಾದ್ರೆ ಮೇಲೆ ತಾಯಿ ಇದ್ದಾಳೆ, ಇಲ್ಲಿ ಮೇಲೆ ಪರೀಕ್ಷೆ ತಾನೇ" ಅಂತ ಇಳಿದರು.

ಇನ್ನು ಮುತ್ತು. ಮರೆಸಲು ನೋಡಿದೆ, ಆಗಲಿಲ್ಲ. ಸ್ವಲ್ಪ ಹಿಂದಕ್ಕೆ ಬಂದು ಆ ಓಣಿ ಹೊಕ್ಕೆವು. ಎರಡು ಮನೆಯ ಬಾಲ್ಕನಿಗಳು ಒಂದಕ್ಕೊಂದು ತಾಗುವಂತಿವೆ. ಶ್ರೀಮಂತನ ಮಗಳು, ಬಡ ಗಣಿ ಹುಡುಗ, ಎದುರು ಬದುರು ಬಾಲ್ಕನಿಯಲ್ಲಿ ಪ್ರೀತಿ, ಕೊನೆಗೆ ಅಪ್ಪನೇ ಮಗಳನ್ನು ಇರಿದ ಅನ್ನೋ ದಂತಕಥೆ. ಮೂರನೇ ಮೆಟ್ಟಿಲಲ್ಲಿ ನಿಂತು ಮುತ್ತು ಕೊಟ್ಟರೆ ಏಳು ವರ್ಷ ಅದೃಷ್ಟ, ಕೊಡದೆ ಹೋದರೆ ಏಳು ವರ್ಷ ದುರದೃಷ್ಟ ಅಂತ ನಂಬಿಕೆ. ಅದಕ್ಕೆ ಜೋಡಿಗಳ ಕ್ಯೂ.

"ಅಂಗಡಿ ಎಲ್ಲೇ?" ಅಂದರು ಅತ್ತೆ. ಅಷ್ಟರಲ್ಲಿ ಮುಂದಿನ ಜೋಡಿ ತನ್ನ ಕೆಲಸ ಶುರು ಮಾಡಿತು. ಅತ್ತೆ ನೋಡಿದರು. ನನ್ನನ್ನು ನೋಡಿದರು. "ಓ, ಆ ಮುತ್ತಾ!"

ವಾಪಸ್ ಹೋಗೋಣ ಅಂದರೆ ಹಿಂದೆ ಕ್ಯೂ, ಓಣಿಯೋ ಇಬ್ಬರು ಪಕ್ಕಪಕ್ಕ ನಿಲ್ಲದಷ್ಟು ಕಿರಿದು. ಮೂರನೇ ಮೆಟ್ಟಿಲು ನಮ್ಮ ಪಾಲಿಗೂ ಬಂತು. ಫೋಟೊ ತೆಗೆಯುವ ಹುಡುಗ "ಬೆಸೊ, ಬೆಸೊ" ಅಂತ ಹುರಿದುಂಬಿಸಿದ. ಅತ್ತೆ ಒಂದು ಕ್ಷಣ ಯೋಚಿಸಿ, ಎರಡೂ ಕೈಯಿಂದ ನನ್ನ ಕೆನ್ನೆ ಸವರಿ, ತಮ್ಮ ಹಣೆಯ ಪಕ್ಕಕ್ಕೆ ತಂದು ಲಟಲಟ ನೆಟಿಕೆ ಮುರಿದರು. ಓಣಿಯಲ್ಲಿ ಚಪ್ಪಾಳೆ. ತಿರುಗಿ ನೋಡಿದರೆ ನಮ್ಮ ನಂತರದ ಹುಡುಗ ತನ್ನ ಹುಡುಗಿಯ ಮುಖಕ್ಕೆ ನೆಟಿಕೆ ಮುರಿಯಲು ಒದ್ದಾಡುತ್ತಿದ್ದ.

ನಾಟಕ ಶಾಲೆ ಸಿಕ್ಕಾಗ ಮೂರು ಗಂಟೆಗೆ ಕಾಲು ಗಂಟೆ ಬಾಕಿ. 1903ರಲ್ಲಿ ತೆರೆದ ಭರ್ಜರಿ ಕಟ್ಟಡ, ಕಂಬಗಳ ಸಾಲು, ಮೇಲೆ ಕಲಾದೇವಿಯರ ಪ್ರತಿಮೆಗಳು. ಗ್ರೀಕರ ಲೆಕ್ಕದಲ್ಲಿ ಈ ದೇವಿಯರು ಒಂಬತ್ತು, ಇಲ್ಲಿರುವುದು ಎಂಟು. ಅತ್ತೆ ಎರಡು ಸಲ ಎಣಿಸಿದರು. "ಒಂಬತ್ತನೆಯವಳು ನಿನ್ನ ಹತ್ರ ದಾರಿ ಕೇಳಿರಬೇಕು" ಅಂದರು.

ಸಂಜೆ ಬಸ್ ಸ್ಟ್ಯಾಂಡಿಗೆ ಹೋಗುವ ಬಸ್ ಎಲ್ಲಿ ಸಿಗುತ್ತೆ ಅಂತ ಒಬ್ಬರನ್ನು ಕೇಳಿದೆ. "ದೆರೆಚೊ." ಕೊಂಬು ನೋಡಿಕೊಂಡೆ, ಕೈಯನ್ನೂ ನೋಡಿಕೊಂಡೆ. ನೇರ. ಎಲ್ಲೂ ತಿರುಗದೆ ನಡೆದೆವು. ತಿರುಗಿದ್ದು ರಸ್ತೆಯೇ. ಗುಡ್ಡದ ಮೈಗೆ ಅಂಟಿಕೊಂಡು ಬಳುಕಿ, ಏರಿ, ನಮ್ಮನ್ನು ಒಂದು ದೊಡ್ಡ ಗೋಡೆಯ ಮುಂದೆ ನಿಲ್ಲಿಸಿತು. ಮೂಲೆಯಲ್ಲಿ ಹೆಸರು ಹಿಮೆನೆಸ್.

ನಾನು ಅತ್ತೆಯ ಮುಖ ನೋಡಲಿಲ್ಲ. ಅವರು ಚಪ್ಪಲಿ ಬಿಟ್ಟು, ಗೋಡೆಗೆ ಕೈ ಮುಗಿದು, "ನಾಲ್ಕೂ ಆಯ್ತು" ಅಂತ ಮೆಟ್ಟಿಲ ಮೇಲೆ ಕೂತು, ನನ್ನ ಬೆನ್ನ ಮೇಲಿನ ಬ್ಯಾಗಿಗೆ ಕೈ ಹಾಕಿ ಕೋಡುಬಳೆ ತೆಗೆದರು.