ಓದಿದ್ದಕ್ಕೆ ಫೋಟೋ ಎಲ್ಲಿ?

ಮಗಳ ಶಾಲೆಯಲ್ಲಿ ಈ ಮಳೆಗಾಲ ಓದಿನ ಅಭಿಯಾನ ಶುರುವಾಯಿತು. ಮಕ್ಕಳು ಹಿರಿಯರ ಒಳ್ಳೆಯ ಸಾಹಿತ್ಯ ಓದಬೇಕಂತೆ. ಒಳ್ಳೆಯದೇ, ಅಲ್ವಾ? ಆದರೆ ಸಾಕ್ಷಿ ಬೇಕು. ಪುಸ್ತಕ ಹಿಡಿದ ಫೋಟೋ ದಿನಾ ರಾತ್ರಿ ಎಂಟರೊಳಗೆ ವಾಟ್ಸಾಪ್ ಗ್ರೂಪಿಗೆ ಬೀಳಬೇಕು.

ಉದ್ಘಾಟನೆಯ ದಿನ ಅತಿಥಿಗಳು ಕಥೆಗಾರ್ತಿ ಕೊಡಗಿನ ಗೌರಮ್ಮನವರ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಉಪವಾಸ ಕೂತು ಮನೆಗೆ ಕರೆಸಿಕೊಂಡದ್ದು, ಒಡವೆ ಬಿಚ್ಚಿ ಕೊಟ್ಟದ್ದು, 1939ರಲ್ಲಿ ಹೊಳೆಗೆ ಈಜಲು ಹೋಗಿ 27ನೇ ವಯಸ್ಸಿಗೇ ತೀರಿಕೊಂಡದ್ದು, ಎಲ್ಲ ಬಂತು. ಅವರು ಬರೆದ ಕಥೆ ಮಾತ್ರ ಒಂದೂ ಬರಲಿಲ್ಲ.

ಕಥೆಗಳು ಗಾಜಿನ ಬೀರುವಿನಲ್ಲಿದ್ದವು. ಬೀರುವಿಗೆ ಬೀಗ. ಬೀಗದ ಕೀ ಪಿ.ಟಿ. ಮಾಸ್ಟರ ಜೇಬಲ್ಲಿ. ಮಾಸ್ಟರು ಹಾಕಿ ಟೀಮಿನ ಜೊತೆ ಪೊನ್ನಂಪೇಟೆಯಲ್ಲಿ.

"ಮನೆಗೆ ಕೊಟ್ಟರೆ ಬೂಷ್ಟು ಹಿಡಿಯುತ್ತೆ ಸಾರ್" ಎಂದರು ಮಿಸ್. ನಿಜ. ನಮ್ಮ ಮಳೆಗೆ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಯಾವುದೂ ಉಳಿಯುವುದಿಲ್ಲ. ಬೀರುವಿನ ಗಾಜಿಗೆ ಮೂಗು ಒತ್ತಿ ನೋಡಿದೆ. ಪುಸ್ತಕಗಳ ಬೆನ್ನ ಮೇಲೆ ಹತ್ತಿಯ ಹಾಗೆ ಬೆಳ್ಳಗೆ ಬೆಳೆದಿತ್ತು. ಗೌರಮ್ಮ ಒಡವೆ ಕೊಟ್ಟರು. ನಾವು ಕೀ ಕೊಡೆವು.

ಹಾಗಾದರೆ ಫೋಟೋ? ಅದಕ್ಕೂ ದಾರಿ ಸಿಕ್ಕಿತು. ಪಕ್ಕದ ತೋಟದ ಹುಡುಗ ಅವನಪ್ಪನ ಕರಿಮೆಣಸಿನ ಲೆಕ್ಕದ ಪುಸ್ತಕಕ್ಕೆ ಬ್ರೌನ್ ಪೇಪರ್ ಸುತ್ತಿ, ಗಂಭೀರವಾಗಿ ಹಿಡಿದು ಫೋಟೋ ಕಳಿಸಿದ. ಮಿಸ್ ಎರಡು ಹೂವು, ಮೂರು ಚಪ್ಪಾಳೆ ಹಾಕಿದರು. ಹುಡುಗನ ಮುಖದಲ್ಲಿ ನಿಜವಾದ ದುಃಖವಿತ್ತು. ಆ ವರ್ಷದ ರೇಟು ಅಷ್ಟು ಕೆಟ್ಟದಾಗಿತ್ತೋ ಏನೋ.

ನನ್ನ ಮಗಳು ಅಜ್ಜಿಯ ಟ್ರಂಕಿನಿಂದ ಒಂದು ಹಳೇ ಕಥೆ ಪುಸ್ತಕ ಎತ್ತಿಕೊಂಡಳು. ರಟ್ಟು ಕಿತ್ತುಹೋಗಿತ್ತು. ಪುಟ ಬಿಡಿಸಿದರೆ ನುಸಿಗುಳಿಗೆ ವಾಸನೆ. ಅದೇ ರಾತ್ರಿ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಮೂರು ದಿನ ಬರಲಿಲ್ಲ. ಟವರೂ ಇಲ್ಲ. ಅವಳು ಒಲೆ ಪಕ್ಕ ಟಾರ್ಚ್ ಹಿಡಿದು ಕೂತಳು. ಊಟಕ್ಕೆ ಕರೆದರೆ "ಇರಪ್ಪಾ, ಇನ್ನೆರಡೇ ಪುಟ." ಫೋಟೋ ತೆಗೆಯೋಣ ಅಂದರೆ ಮೊಬೈಲ್ ಸತ್ತು ಮಲಗಿತ್ತು.

ನಾಲ್ಕನೇ ದಿನ ಕರೆಂಟು ಬಂತು, ಗ್ರೂಪಿನಲ್ಲಿ ಪಟ್ಟಿಯೂ ಬಂತು. ಕರಿಮೆಣಸಿನ ಹುಡುಗನಿಗೆ ಸರ್ಟಿಫಿಕೇಟು. ಮಗಳ ಹೆಸರಿನ ಮುಂದೆ 'ಓದಿಲ್ಲ'. ನನಗೆ ಬೇರೆಯೇ ಒಂದು ಮೆಸೇಜು: 'ದಯವಿಟ್ಟು ಮನೆಯಲ್ಲಿ ಓದುವ ವಾತಾವರಣ ಕಲ್ಪಿಸಿ.'

ಮಗಳಿಗೆ ಓದಿ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ಅಪ್ಪಾ, ಸ್ವಲ್ಪ ಸರಿ. ಲೈಟಿಗೆ ಅಡ್ಡ ನಿಂತಿದ್ದೀಯ."